ಮಂಟಪದ ಬೊಂಬೆಗಳಿಗೆ ವೈಪರ್ ಮೋಟಾರು ಸಾಕು

ಮಾನ್ಯ ಸಂಪಾದಕರೇ,

ಬೆಳಗಾವಿಯ ಗಣೇಶೋತ್ಸವದ ಮಂಟಪಗಳಲ್ಲಿ ಗದೆಯೆತ್ತುವ, ತಲೆಯಾಡಿಸುವ ಬೊಂಬೆಗಳನ್ನು ನೋಡಲು ಜನ ತಡರಾತ್ರಿಯವರೆಗೂ ಸಾಲುಗಟ್ಟುತ್ತಾರೆ. ಓಣಿಯ ಹುಡುಗರೊಡನೆ ಅಂಥ ಬೊಂಬೆಗಳನ್ನು ಕಟ್ಟುವ ನಾನು ಕಂಡಂತೆ, ಕೆಲವೆಡೆ ಇಂದಿಗೂ 230 ವೋಲ್ಟಿನ ಹಳೆಯ ಫ್ಯಾನ್ ಮೋಟಾರುಗಳನ್ನೇ ಅವುಗಳೊಳಗೆ ಕೂರಿಸುತ್ತಾರೆ. ಭಾದ್ರಪದದ ಜಿಟಿಜಿಟಿ ಮಳೆಯಲ್ಲಿ, ಒದ್ದೆ ನೆಲದ ಮೇಲೆ, ಇದು ಜೀವಕ್ಕೇ ಅಪಾಯ.

ಗುಜರಿಯಲ್ಲಿ ಸಿಗುವ ಕಾರಿನ ವೈಪರ್ ಮೋಟಾರು 12 ವೋಲ್ಟಿನಲ್ಲೇ ನಡೆಯುತ್ತದೆ ಮತ್ತು ಒಳಗಿನ ಗೇರಿನಿಂದಾಗಿ ನಿಧಾನವಾಗಿಯೂ ಬಲವಾಗಿಯೂ ತಿರುಗುತ್ತದೆ. ಅದರ ಅಚ್ಚಿಗೆ ಕಬ್ಬಿಣದ ಪಟ್ಟಿಯೊಂದನ್ನು ಬಿಗಿದು, ಪಟ್ಟಿಯ ತುದಿಯಿಂದ ಬೊಂಬೆಯ ಮೊಣಕೈಗೆ ಸರಳು ಜೋಡಿಸಿದರೆ, ದುಂಡಗಿನ ತಿರುಗಾಟವೇ ಕೈಯೆತ್ತಿ ಇಳಿಸುವ ಚಲನೆಯಾಗುತ್ತದೆ. ಪಟ್ಟಿ ಉದ್ದವಾದಷ್ಟೂ ಕೈ ಮೇಲೇರುತ್ತದೆ, ಮೋಟಾರಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೋವೀನಿಗೆ ಅಂಗಳದಲ್ಲಿ ದೆವ್ವಗಳನ್ನು ಕುಣಿಸುವ ಹವ್ಯಾಸಿಗಳು ನೆಚ್ಚಿರುವುದೂ ಇದನ್ನೇ. ನಮ್ಮ ಬಕಾಸುರನಿಗೂ ಅವರ ಅಸ್ಥಿಪಂಜರಕ್ಕೂ ಮೊಣಕೈ ಒಂದೇ ತಾನೆ!

ಕೈ ಎಲ್ಲಾದರೂ ಸಿಕ್ಕಿಕೊಂಡರೆ ಮೋಟಾರು ಸುಡದಂತೆ ಫ್ಯೂಸ್ ಹಾಕಲೇಬೇಕು. ಹಬ್ಬದ ಪೂರ್ವಭಾವಿ ಸಭೆಗಳಲ್ಲಿ ಮೂರ್ತಿಯ ಎತ್ತರ, ಧ್ವನಿವರ್ಧಕಗಳ ಜೊತೆಗೆ ಈ ವಿಷಯವನ್ನೂ ಚರ್ಚಿಸಿ, ಬೊಂಬೆಗಳ ವೈರಿಂಗನ್ನು ಐಟಿಐ ವಿದ್ಯಾರ್ಥಿಗಳಿಂದ ಪರೀಕ್ಷಿಸುವ ಏರ್ಪಾಡನ್ನು ಜಿಲ್ಲಾಡಳಿತ ಮಾಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಶಹಾಪುರ, ಬೆಳಗಾವಿ