ಪೆನ್‌ಡ್ರೈವಲ್ಲಿ ಲಿನಕ್ಸ್ ಹಾಕೋರು ನೋಡ್ಕೊಳ್ಳಿ

ಸಿಸ್ಟಮ್ ಬೂಟ್ ಆಗ್ತಿಲ್ಲ, ಏನಾಗಿದೆ ನೋಡೋಣ ಅನ್ನೋರಿಗೆ ಲೈವ್ ಯುಎಸ್‌ಬಿನೇ (ಇನ್‌ಸ್ಟಾಲ್ ಮಾಡ್ದೆ ಪೆನ್‌ಡ್ರೈವಿಂದಲೇ ಲಿನಕ್ಸ್ ಓಡಿಸೋದು) ಸಾಕು, 8 ಜಿಬಿದು ನಡಿಯತ್ತೆ. ಇಲ್ಲ, ಪೆನ್‌ಡ್ರೈವಲ್ಲೇ ಪೂರ್ತಿ ಉಬುಂಟು (ಲಿನಕ್ಸಿನ ಒಂದು ಬಗೆ) ಇನ್‌ಸ್ಟಾಲ್ ಮಾಡ್ಬೇಕು ಅಂದ್ರೆ 32 ಜಿಬಿದು ತಗೊಳ್ಳಿ, ಮತ್ತೆ ಒಳಗಿನ ಡಿಸ್ಕ್ ಬಿಚ್ಚಿಟ್ಟೇ ಶುರು ಮಾಡಿ, ಯಾಕಂದ್ರೆ ನಾವು ಪೆನ್‌ಡ್ರೈವ್ ಅಂತ ಆರಿಸಿದ್ರೂ ಇನ್‌ಸ್ಟಾಲರ್ ಎಷ್ಟೋ ಸಲ ಗ್ರಬ್ಬನ್ನ (ಲಿನಕ್ಸ್ ಶುರು ಮಾಡೋ ಬೂಟ್ ಲೋಡರ್) ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೇ (ಬೂಟ್ ಫೈಲುಗಳಿರೋ ಜಾಗ) ತುರುಕತ್ತೆ, ಆಮೇಲೆ ಪೆನ್‌ಡ್ರೈವ್ ಕಿತ್ರೆ ಕಪ್ಪು ಸ್ಕ್ರೀನಲ್ಲಿ ಗ್ರಬ್ ಪ್ರಾಂಪ್ಟ್ ಬಂದು ಕೂರತ್ತೆ. ಆಗ ವಿಂಡೋಸ್ ಹೋಯ್ತು ಅಂತ ಗಾಬರಿ ಬೀಳ್ಬೇಡಿ (ಸುಮಾರು ಜನ ಇಲ್ಲೇ ಫಾರ್ಮ್ಯಾಟ್ ಹೊಡೆದುಬಿಡ್ತಾರೆ!), ಸಿಸ್ಟಮ್ ಆನ್ ಮಾಡುವಾಗ ತೆರೆಯೋ ಬೂಟ್ ಮೆನುವಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಇದ್ಯಾ ನೋಡಿ. ಡಿಸ್ಕ್ ಬಿಚ್ಚೋಕಾಗಲ್ಲ ಅಂದ್ರೆ ಬಯಾಸಲ್ಲಿ (ಸಿಸ್ಟಮ್ಮಿನ ಸೆಟಪ್ ಸ್ಕ್ರೀನ್) ಆ ಡಿಸ್ಕ್ ಡಿಸೇಬಲ್ ಮಾಡೋ ಆಪ್ಷನ್ ಇದ್ರೆ ಅದನ್ನ ಬಳಸಿ. ಸಿಕ್ಕಾಕೊಂಡ್ರೆ ಲಿನಕ್ಸ್ ಟರ್ಮಿನಲಲ್ಲಿ ಇಎಫ್‌ಐಬೂಟ್‌ಎಂಜಿಆರ್ (efibootmgr, ಬೂಟ್ ಆರ್ಡರ್ ತೋರಿಸೋ ಕಮಾಂಡ್) ಓಡಿಸಿ, ಬೂಟ್ ಆರ್ಡರ್ ಕಾಣೋ ಹಾಗೆ ಫೋಟೋ ತೆಗೆದು ಇಲ್ಲಿ ಹಾಕಿ, ಬರೀ "ಆಗ್ತಿಲ್ಲ" ಅಂದ್ರೆ ಏನೂ ಗೊತ್ತಾಗಲ್ಲ.