ಬೇಸಿಗೆ ನಾಟಕಗಳ ಆಡಿಷನ್‌ಗೆ ಬರೋರು ಓದ್ಕೊಳಿ

ಎಲ್ಲರಿಗೂ ನಮಸ್ಕಾರ, ಬೇಸಿಗೆ ಸೀಸನ್ನಿಗೆ ವೃತ್ತಿನಟರನ್ನ ಆರಿಸೋ ಕೆಲಸ ಶುರುವಾಗಿದೆ. ಇಲ್ಲಿ ಒಂದೇ ಪಾತ್ರಕ್ಕೆ ಅಂತ ಯಾರನ್ನೂ ತಗೊಳಲ್ಲ, ಅದೇ ತಂಡ ಮೂರ್ನಾಲ್ಕು ನಾಟಕ ಆಡುತ್ತೆ, ಸಂಜೆ ಒಂದರ ಶೋ ಇದ್ರೆ ಬೆಳಿಗ್ಗೆ ಮುಂದಿನದ್ದರ ರಿಹರ್ಸಲ್, ಹಾಗಾಗಿ ಒಂದ್ರಲ್ಲಿ ನಾಯಕ ಆದೋರು ಇನ್ನೊಂದ್ರಲ್ಲಿ ಎರಡೇ ಮಾತಿನ ಕಾವಲುಗಾರ ಆಗ್ಬಹುದು, ಅದಕ್ಕೆ ಮನಸ್ಸಿದ್ದೋರು ದಯವಿಟ್ಟು ಬನ್ನಿ.

ಎರಡು ಸ್ವಗತ ರೆಡಿ ಮಾಡ್ಕೊಳಿ, ಒಂದು ಗಂಭೀರ ಒಂದು ಹಾಸ್ಯ, ತಲಾ 1–2 ನಿಮಿಷ ಸಾಕು, ಬಾಯಿಪಾಠ ಇರ್ಲೇಬೇಕು. ಅದೇ ಮಾತನ್ನ ಬೇರೆ ಥರ ಹೇಳಿ ಅಂತ ನಿರ್ದೇಶಕರು ಅಂದ್ರೆ ಗಾಬರಿ ಆಗ್ಬೇಡಿ, ಮೊದ್ಲು ಮಾಡಿದ್ದು ತಪ್ಪು ಅಂತಲ್ಲ, ಹೇಳಿದ್ದನ್ನ ತಕ್ಷಣ ಹಿಡ್ಕೊಂಡು ಬದಲಾಯಿಸ್ತೀರಾ ಅಂತ ನೋಡೋದು, ರಿಹರ್ಸಲ್ ದಿನ ಕಡಿಮೆ ಇರೋ ಸೀಸನ್ನಲ್ಲಿ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಶೂಟಿಂಗ್, ಮದುವೆ, ಪರೀಕ್ಷೆ ಏನೇ ಇರ್ಲಿ, ಬರಕ್ಕಾಗದ ತಾರೀಖುಗಳನ್ನ ಫಾರ್ಮಲ್ಲೇ ಬರೀರಿ, ಆಮೇಲೆ ಹೇಳಿದ್ರೆ ಇಡೀ ತಂಡದ ಶೆಡ್ಯೂಲ್ ಬದಲಾಯಿಸ್ಬೇಕಾಗುತ್ತೆ. ಸಂಭಾವನೆ, ಉಳ್ಕೊಳೋ ವ್ಯವಸ್ಥೆ, ರಜಾ ದಿನ ಎಲ್ಲಾ ಒಪ್ಪಂದದಲ್ಲಿ ಇರುತ್ತೆ, ಪೂರ್ತಿ ಓದಿ ಆಮೇಲೆ ಸಹಿ ಹಾಕಿ.