ಯಾರ ಸೈಕಲ್‌ಗೆ ಯಾರ ಪೂಜೆ?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ನಮ್ಮ ಕನ್ನಡ ಬಳಗದ ಈ ಪತ್ರಿಕೆಯನ್ನು ನಾಳೆ ಬೆಳಗ್ಗೆ ಪ್ರಿಂಟಿಗೆ ಕಳಿಸಬೇಕು. ಈಗ ರಾತ್ರಿ ಹನ್ನೊಂದು ದಾಟಿದೆ, ಅರ್ಧ ಪುಟ ಇನ್ನೂ ಖಾಲಿ. ಅಡುಗೆ ಅಂಕಣ ಬರೆಯಲು ಒಪ್ಪಿಕೊಂಡಿದ್ದವರು ದಸರೆಗೆ ಊರಿಗೆ ಹೋಗಿದ್ದಾರೆ. ದಸರೆಗೆ ಊರಿಗೆ ಹೋದವರ ಮೇಲೆ ಕೋಪ ಮಾಡಿಕೊಳ್ಳೋಕೆ ಆಗುತ್ತಾ? ಬರೀ ಹೊಟ್ಟೆಕಿಚ್ಚು. ಹಾಗಾಗಿ ಈ ಸಲ ಸಂಪಾದಕೀಯ ಉದ್ದ, ಚಕ್ಕುಲಿಯ ರೆಸಿಪಿ ಮುಂದಿನ ಸಂಚಿಕೆಗೆ.

ಈ ಸಲ ಆಯುಧಪೂಜೆ ಬುಧವಾರ ಬಂತು. ರಜೆ ಇಲ್ಲ. ಸಂಜೆ ಕೆಲಸ ಮುಗಿಸಿ ಬಂದು, ಲ್ಯಾಪ್‌ಟಾಪು, ಮಿಕ್ಸಿ, ಕಾರು, ನನ್ನ ಹೊಸ ಸೈಕಲ್ಲು, ಎಲ್ಲಕ್ಕೂ ಕುಂಕುಮ ಇಟ್ಟೆವು. ಸೇವಂತಿಗೆ ಸಿಗಲಿಲ್ಲ, ಸೂಪರ್‌ಮಾರ್ಕೆಟ್ಟಿನ ಹಳದಿ ಹೂವಿನಲ್ಲೇ ಸುಧಾರಿಸಿದ್ದಾಯಿತು. ಮಗಳು ಸೈಕಲ್‌ನ ಹ್ಯಾಂಡಲ್‌ಗೆ ಹೂವು ಸಿಕ್ಕಿಸುತ್ತಾ ಇದರ ಬೆಲೆ ಎಷ್ಟು ಅಂತ ಕೇಳಿದಳು. ಪೂರ್ತಿ ದುಡ್ಡು ಕೊಟ್ಟಿಲ್ಲ, ಆಫೀಸಿನವರು ತೆಗೆದುಕೊಟ್ಟಿದ್ದಾರೆ, ತಿಂಗಳು ತಿಂಗಳು ಸಂಬಳದಲ್ಲಿ ಬಾಡಿಗೆ ಹಿಡಿದುಕೊಳ್ಳುತ್ತಾರೆ ಅಂದೆ. ಅವಳು ಹೂವು ವಾಪಸ್ ತೆಗೆದಳು. "ಹಾಗಾದ್ರೆ ಇದು ನಿನ್ನದಲ್ಲ ಅಲ್ವಾ ಅಮ್ಮಾ? ಅವರ ಸೈಕಲ್‌ಗೆ ನಾವ್ಯಾಕೆ ಪೂಜೆ ಮಾಡಬೇಕು? ಅವರೇ ಮಾಡಲಿ."

ಕಾನೂನಿನ ಪ್ರಕಾರ ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಈ ವರ್ಷ ಹೊಸದಾಗಿ ಬಂದ ಕುಟುಂಬಗಳಿಂದ 'ಸೈಕಲ್ ಟು ವರ್ಕ್' ಬಗ್ಗೆ ತುಂಬಾ ಪ್ರಶ್ನೆ ಬಂದಿವೆ. ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೇ ಉತ್ತರ ಕೊಡುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಬ್ರಿಟನ್ನಿನಲ್ಲಿ 1999ರಲ್ಲಿ ಬಂದ ವ್ಯವಸ್ಥೆ ಇದು. ನೀವು ಅಂಗಡಿಯಲ್ಲಿ ಸೈಕಲ್ ಆರಿಸುತ್ತೀರಿ. ಕೆಲಸ ಕೊಟ್ಟವರು ಅದನ್ನು ಕೊಂಡು ನಿಮಗೆ ಬಾಡಿಗೆಗೆ ಕೊಡುತ್ತಾರೆ, ಸಾಮಾನ್ಯವಾಗಿ ಒಂದು ವರ್ಷಕ್ಕೆ. ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಗೆ ಅಂತ ಸಂಬಳದಲ್ಲಿ ಕಡ್ಡಾಯವಾಗಿ ಹಿಡಿಯುವ ಹಣ) ಲೆಕ್ಕ ಹಾಕುವ ಮೊದಲೇ ಆ ಬಾಡಿಗೆ ಸಂಬಳದಿಂದ ಕಡಿತವಾಗುತ್ತದೆ. ಉಳಿತಾಯ ಇರುವುದೇ ಅಲ್ಲಿ. ಸಾವಿರ ಪೌಂಡಿನ ಸೈಕಲ್ ಅಂದುಕೊಳ್ಳಿ. 20% ತೆರಿಗೆ, 8% ಇನ್ಶೂರೆನ್ಸ್ ಕಟ್ಟುವವರಿಗೆ ಅದು ಸುಮಾರು 720 ಪೌಂಡಿಗೆ ಬೀಳುತ್ತದೆ, ಅಂದರೆ ಕೈಗೆ ಬರುವ ಸಂಬಳದಲ್ಲಿ ತಿಂಗಳಿಗೆ 60 ಕಡಿಮೆ. 40% ತೆರಿಗೆಯವರಿಗೆ 580ಕ್ಕೇ ಮುಗಿಯುತ್ತದೆ. ಹೆಲ್ಮೆಟ್, ದೀಪ, ಬೀಗವನ್ನೂ ಇದರಲ್ಲೇ ಸೇರಿಸಬಹುದು. ಮೊದಲು ಸಾವಿರ ಪೌಂಡಿನ ಮಿತಿ ಇತ್ತು. 2019ರಲ್ಲಿ ಸರಕಾರ ಅದನ್ನು ಸಡಿಲಿಸಿದ ಮೇಲೆ ಎಲೆಕ್ಟ್ರಿಕ್ ಸೈಕಲ್ ಕೂಡ ಕೈಗೆಟುಕಿತು. ಆದರೆ ನಿಮ್ಮ ಆಫೀಸು ಎಷ್ಟರವರೆಗೆ ಒಪ್ಪುತ್ತದೆ ಅಂತ ಮೊದಲೇ ಕೇಳಿ.

ಒಂದು ವರ್ಷ ಮುಗಿದ ದಿನ ಸೈಕಲ್ ತಾನಾಗಿಯೇ ನಿಮ್ಮದಾಗುವುದಿಲ್ಲ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಆಗಲೇ ಕೊಂಡರೆ, 500 ಪೌಂಡಿಗಿಂತ ಜಾಸ್ತಿಯ ಸೈಕಲ್‌ಗೆ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಮೂಲ ಬೆಲೆಯ 25% ಕೊಡಬೇಕು. ಅದಕ್ಕೇ ಹೆಚ್ಚಿನ ಕಂಪನಿಗಳು ಬಾಡಿಗೆಯನ್ನು ನಾಲ್ಕು ವರ್ಷ ದಾಟುವವರೆಗೆ ಎಳೆಯುತ್ತವೆ. ಅಷ್ಟು ಹೊತ್ತಿಗೆ ಅದು 7%ಕ್ಕೆ ಇಳಿದಿರುತ್ತದೆ. ಕಾಗದದಲ್ಲಿ ಸೈಕಲ್ ಬೇರೆಯವರದು, ಪಂಚರ್ ಮಾತ್ರ ನಿಮ್ಮದು.

ಇನ್ನೂ ಕೆಲವು ವಿಷಯ. ನಡುವೆ ಕೆಲಸ ಬಿಟ್ಟರೆ ಉಳಿದ ಬಾಡಿಗೆಯನ್ನು ಕೊನೆಯ ಸಂಬಳದಲ್ಲಿ ಒಟ್ಟಿಗೆ ಹಿಡಿದುಕೊಳ್ಳುತ್ತಾರೆ, ಅದೂ ತೆರಿಗೆ ಕಳೆದ ದುಡ್ಡಿನಲ್ಲಿ. ವರ್ಷಕ್ಕೊಂದು ಕಾಂಟ್ರ್ಯಾಕ್ಟ್ ಬದಲಾಯಿಸುವ ನಮ್ಮ ಐಟಿ ಹುಡುಗರು ಇದನ್ನು ಇನ್ನೊಂದು ಸಲ ಓದಿ. ಮನೆಯಲ್ಲಿ ಮಗುವಿನ ನಿರೀಕ್ಷೆ ಇದ್ದರೆ, ಹೆರಿಗೆ ರಜೆಯ ಸಂಬಳದ ಲೆಕ್ಕ ಕಡಿತವಾದ ಮೇಲಿನ ಸಂಬಳದ ಮೇಲೆ ನಡೆಯುತ್ತದೆ, ಸಮಯ ನೋಡಿ ಸಹಿ ಹಾಕಿ. ಪೆನ್ಷನ್ ಯಾವ ಸಂಬಳದ ಮೇಲೆ ಅಂತಲೂ ವಿಚಾರಿಸಿ.

ನನಗೆ ಸೈಕಲ್ ಯಾಕೆ ಬೇಕಾಯಿತು ಅಂದರೆ ಆರೋಗ್ಯಕ್ಕೇನೂ ಅಲ್ಲ. ನಾಟಿಂಗ್‌ಹ್ಯಾಮ್‌ನಲ್ಲಿ 2012ರಿಂದ ಆಫೀಸಿನ ಪಾರ್ಕಿಂಗ್ ಜಾಗಕ್ಕೂ ಸಿಟಿ ಕೌನ್ಸಿಲ್‌ಗೆ ತೆರಿಗೆ ಕಟ್ಟಬೇಕು, ನಿಮಗೆ ಗೊತ್ತೇ ಇದೆ. ಹನ್ನೊಂದು ಅಥವಾ ಜಾಸ್ತಿ ಕಾರಿನ ಜಾಗ ಇರುವವರು ಕಟ್ಟುತ್ತಾರೆ, ಕಟ್ಟಿದ್ದನ್ನು ನಮ್ಮಂಥವರಿಂದ ವಸೂಲಿ ಮಾಡುತ್ತಾರೆ. ನಮ್ಮ ಆಫೀಸೂ ಅದನ್ನೇ ಮಾಡಿತು. ಆ ದುಡ್ಡು ಟ್ರಾಮ್ ವಿಸ್ತರಣೆಗೂ ಹೋಯಿತು, ಒಳ್ಳೆಯದೇ. ಆದರೆ ಬೀಸ್ಟನ್‌ನಿಂದ ಯೂನಿವರ್ಸಿಟಿ ಬುಲೆವಾರ್ಡ್ ಪಕ್ಕ ಅಷ್ಟು ಚೆಂದದ ಸೈಕಲ್ ದಾರಿ ಇರುವಾಗ, ಕಾರು ನಿಲ್ಲಿಸಲೂ ದುಡ್ಡು ಕೊಡೋದು ಯಾಕೆ ಅನ್ನಿಸಿತು. ಪ್ರತಿ ಪೌಂಡಿಗೂ ಲೆಕ್ಕ ಇಡುವ ಈ ಗುಣ ನನಗೆ ಅಪ್ಪನಿಂದ ಬಂದದ್ದು.

ಅಪ್ಪ ತಿಪಟೂರಿನಲ್ಲಿ ಅಂಚೆ ಇಲಾಖೆಯ ಕ್ಲರ್ಕು. ಆಗ ಕೇಂದ್ರ ಸರಕಾರದ ನೌಕರರಿಗೆ ಸೈಕಲ್ ಅಡ್ವಾನ್ಸ್ ಅಂತ ಇತ್ತು. ಅರ್ಜಿ ಕೊಟ್ಟರೆ ಸೈಕಲ್ ಕೊಳ್ಳಲು ಮುಂಗಡ ಸಿಗುತ್ತಿತ್ತು. ಆಮೇಲೆ ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಅಂಗಡಿಯ ರಸೀದಿಯನ್ನು ಆಫೀಸಿಗೆ ಒಪ್ಪಿಸಬೇಕಿತ್ತು, ಆ ದುಡ್ಡಲ್ಲಿ ಬೇರೇನೋ ಮಾಡಿಬಿಟ್ಟರೆ ಅಂತ. (ಏಳನೇ ವೇತನ ಆಯೋಗದ ನಂತರ, 2016ರಲ್ಲಿ ಆ ಅಡ್ವಾನ್ಸನ್ನೇ ತೆಗೆದುಹಾಕಿದರು.) ಅಪ್ಪನಿಗೆ ರ್‍ಯಾಲಿ ಸೈಕಲ್ ಮೇಲೆ ಆಸೆ. ನಮ್ಮ ಬೀದಿಯಲ್ಲಿ ಅದು ಇದ್ದದ್ದು ಡಾಕ್ಟರ ಮನೆಯಲ್ಲಿ ಮಾತ್ರ. ಅಡ್ವಾನ್ಸ್ ಅಷ್ಟಕ್ಕೆ ಸಾಲಲಿಲ್ಲ. ಬಿ.ಎಚ್. ರಸ್ತೆಯ ಅಂಗಡಿಯಿಂದ ಕಪ್ಪು ಅಟ್ಲಾಸ್ ಬಂತು.

ತಂದ ದಿನ ನಾನೂ ಜೊತೆಗಿದ್ದೆ. ಬಿಡಿಬಿಡಿಯಾಗಿದ್ದ ಸೈಕಲ್ಲನ್ನು ಕಣ್ಣೆದುರೇ ಜೋಡಿಸಿದರು. ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಕೊನೆಗೆ ಡೈನಮೊ. ಡೈನಮೊ ಬೇಕಾ ಅಂತ ಅಪ್ಪ ತುಂಬಾ ಹೊತ್ತು ಯೋಚಿಸಿದರು. ರಾತ್ರಿ ದೀಪ ಇಲ್ಲದೆ ಸಿಕ್ಕರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಾರೆ ಅಂತ ಅಂಗಡಿಯವರು ಹೆದರಿಸಿದ ಮೇಲೆ ಹಾಕಿಸಿದರು. ಮನೆಗೆ ಬರುವಾಗ ಅಪ್ಪ ಅದನ್ನು ಹತ್ತಲೇ ಇಲ್ಲ. ತಳ್ಳಿಕೊಂಡೇ ಬಂದರು. ನಾನು ಮುಂದಿನ ಬಾರಿನ ಮೇಲೆ, ಟವೆಲ್ ಮಡಿಸಿ ಹಾಕಿದ್ದರ ಮೇಲೆ ಕೂತಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ "ಎಷ್ಟಾಯ್ತು ಸ್ವಾಮಿ?" ಅನ್ನೋರು. ಅಪ್ಪ ಬೆಲೆ ಹೇಳುತ್ತಿರಲಿಲ್ಲ, ಕಂತು ಹೇಳುತ್ತಿದ್ದರು.

ಆ ವರ್ಷದ ಆಯುಧಪೂಜೆ ಪೋಸ್ಟಾಫೀಸಿನಲ್ಲಿ. ಕೌಂಟರಿನ ಮೇಲೆ ತಕ್ಕಡಿ, ಅದರ ಕಲ್ಲು, ಅರಗಿನ ಕಡ್ಡಿ, ತಾರೀಖಿನ ಠಸ್ಸೆಗಳು, ಎಲ್ಲಕ್ಕೂ ವಿಭೂತಿ, ಕುಂಕುಮ. ಹೊರಗೆ ಪೋಸ್ಟ್‌ಮ್ಯಾನ್‌ಗಳ ಸೈಕಲ್ಲುಗಳು ಸಾಲಾಗಿ, ಕೊನೆಯಲ್ಲಿ ನಮ್ಮದು. ಅಪ್ಪ ಹಿಂದಿನ ರಾತ್ರಿಯೇ ತೆಂಗಿನ ನಾರು ತೊಗೊಂಡು ಕಡ್ಡಿ ಕಡ್ಡಿ ಉಜ್ಜಿದ್ದರು. ತಿಪಟೂರಲ್ಲಿ ನಾರಿಗೇನು ಬರ. ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್‌ಗೆ ಬಾಳೆಕಂದು. ಬೂದುಗುಂಬಳಕಾಯಿ ಒಡೆದದ್ದು ಪೋಸ್ಟ್ ಮಾಸ್ಟರು. ಪುರಿ, ಕಡಲೆ, ಬೆಲ್ಲದ ಪೊಟ್ಟಣ ಹಂಚಿದರು. ಇನ್‌ಲ್ಯಾಂಡ್ ಲೆಟರ್ ಕೊಳ್ಳಲು ಬಂದವರಿಗೂ ಪ್ರಸಾದ ಸಿಕ್ಕಿತು, ಲೆಟರ್ ಸಿಗಲಿಲ್ಲ. ಠಸ್ಸೆ ಪೂಜೆಯಲ್ಲಿತ್ತಲ್ಲ.

ಮಗಳ ಮಾತನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ನಕ್ಕರು. "ಕಂತು ತೀರೋವರೆಗೆ ನನ್ನದೂ ಸರಕಾರದ್ದೇ ದುಡ್ಡು ಕಣಮ್ಮ. ಹಾಗಂತ ಸರಕಾರ ಬಂದು ಒಂದು ದಿನ ಎಣ್ಣೆ ಬಿಡಲಿಲ್ಲ." ಆಮೇಲೆ ನಾನೀಗ ಇರುವುದು ರ್‍ಯಾಲಿ ಸೈಕಲ್ಲಿನ ಊರಲ್ಲಿ ಅಂದೆ. ಇಷ್ಟು ವರ್ಷ ಯಾಕೆ ಹೇಳಿರಲಿಲ್ಲವೋ ಗೊತ್ತಿಲ್ಲ. 1880ರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ನ ರ್‍ಯಾಲಿ ಸ್ಟ್ರೀಟಿನಲ್ಲಿ ಶುರುವಾದ ಕಂಪನಿ ಅದು, ಬೀದಿಯ ಹೆಸರೇ ಸೈಕಲ್ಲಿಗೆ ಬಂತು. ಫ್ಯಾಕ್ಟರಿ 2002ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಯೂನಿವರ್ಸಿಟಿಯ ಜುಬಿಲಿ ಕ್ಯಾಂಪಸ್ ಇದೆ. ನಮ್ಮ ಬಳಗದ ಅರ್ಧ ವಿದ್ಯಾರ್ಥಿಗಳು ಓದುವುದು ಅಲ್ಲೇ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರಿಗೆ ಹೇಳಬೇಕಿತ್ತು" ಅಂದರು. ಡಾಕ್ಟರು ಈಗಿಲ್ಲ.

ಹಾಂ, ಸೈಕಲ್‌ಗೆ ಪೂಜೆ ಆಯಿತು. ನಿಂಬೆಹಣ್ಣು ಸ್ಪೇನಿನದು.

ಆದರೆ ಈ ಸ್ಕೀಮಿನಲ್ಲಿ ನನಗೆ ಸರಿ ಕಾಣದ್ದು ಒಂದಿದೆ. ಕಡಿತವಾದ ಮೇಲೆ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು. 2025ರ ಏಪ್ರಿಲ್‌ನಲ್ಲಿ 21 ತುಂಬಿದವರಿಗೆ ಅದು ಗಂಟೆಗೆ 12.21 ಪೌಂಡ್ ಆಗಿತ್ತು. ಕೆಲಸಗಾರರ ರಕ್ಷಣೆಗೆ ಅಂತ ಇರುವ ನಿಯಮ, ತಪ್ಪಲ್ಲ. ಆದರೆ ಕೇರ್ ಹೋಮ್‌ಗಳಲ್ಲಿ, ವೇರ್‌ಹೌಸ್‌ಗಳಲ್ಲಿ ಅಷ್ಟೇ ಸಂಬಳಕ್ಕೆ ದುಡಿಯುವ ನಮ್ಮವರಿಗೆ ಇದರಿಂದ ಸೈಕಲ್ ಸಿಗುವುದೇ ಇಲ್ಲ. ಬೆಳಗಿನ ಜಾವ ಐದು ಗಂಟೆಗೆ ಬಸ್ಸಿಲ್ಲದ ದಾರಿಯಲ್ಲಿ ಶಿಫ್ಟಿಗೆ ಹೋಗುವವರು ಅವರು. ಹೆಚ್ಚು ಸಂಬಳದವರಿಗೆ ಹೆಚ್ಚು ರಿಯಾಯಿತಿ, ಕಡಿಮೆ ಇದ್ದವರಿಗೆ ಸೊನ್ನೆ. ಸ್ವಂತ ಉದ್ಯೋಗದವರಿಗೂ ಇಲ್ಲ. ಊರಲ್ಲಿ 2006-07ರಲ್ಲಿ ಸರಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಬಣ್ಣ ಹೋಯಿತು, ಚೈನ್ ಕಳಚಿತು ಅಂತ ನಾವೆಲ್ಲ ಆಡಿಕೊಂಡಿದ್ದೆವು. ಕನಿಷ್ಠ ಅದು ಬೇಕಾದವರ ಕಡೆಗೆ ಹೋಗಿತ್ತು.

ನಿಮ್ಮ ಗ್ಯಾರೇಜಿನಲ್ಲಿ, ಶೆಡ್ಡಿನಲ್ಲಿ ಓಡಿಸದೆ ಬಿದ್ದಿರುವ ಸೈಕಲ್ ಇದ್ದರೆ ಕೊಡಿ. ಲಾಕ್‌ಡೌನಿನಲ್ಲಿ ಉತ್ಸಾಹದಿಂದ ಕೊಂಡಿದ್ದೀರಿ, ನಮಗೆ ಗೊತ್ತು. ರಿಪೇರಿ ಬಲ್ಲ ಇಬ್ಬರು ನಮ್ಮಲ್ಲಿದ್ದಾರೆ. ಬೇಕಾದವರ ಪಟ್ಟಿಯೂ ಇದೆ, ಹೆಸರು ಹೊರಗೆ ಹೇಳುವುದಿಲ್ಲ. ಬಾಡಿಗೆ ಅವಧಿ ಮುಗಿಯದ ಸ್ಕೀಮಿನ ಸೈಕಲ್ ಮಾತ್ರ ಕೊಡಬೇಡಿ. ಅದು ಕೊಡಲು ನಿಮ್ಮದಲ್ಲ, ನನ್ನ ಮಗಳನ್ನು ಕೇಳಿ.

ಇನ್ನು ಸೂಚನೆಗಳು, ಜಾಗ ಇಲ್ಲ, ಬೇಗ ಬೇಗ. ದೀಪಾವಳಿ ಊಟ ಅಕ್ಟೋಬರ್ 25, ಶನಿವಾರ, ಮಾಮೂಲಿ ಹಾಲ್. ಹೆಸರು ಕೊಡದೆ ಬರಬೇಡಿ, ಹೋದ ಸಲ ಬಿಸಿಬೇಳೆಬಾತ್ ಖಾಲಿಯಾಗಿದ್ದು ನೆನಪಿದೆಯಲ್ಲ. ಮಾರನೇ ದಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಅಂದಿನಿಂದ ಸಂಜೆ ಬೇಗ ಕತ್ತಲು, ಸೈಕಲ್‌ಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ಇಲ್ಲಿ ಗಾಳಿ ಬಿಡುವುದಿಲ್ಲ, ದಂಡ ಹಾಕುತ್ತಾರೆ. ನವೆಂಬರ್ 1 ಈ ಸಲ ಶನಿವಾರವೇ ಬಂದಿದೆ, ಹಾಗಾಗಿ ರಾಜ್ಯೋತ್ಸವ ಅಂದೇ. ಧ್ವಜಕ್ಕೆ ಬೆಳಗ್ಗೆ ಹತ್ತಕ್ಕೆ ಬನ್ನಿ, ಹತ್ತು ಅಂದರೆ ಹತ್ತು. ಕನ್ನಡ ಕಲಿ ಕ್ಲಾಸು ಶಾಲೆಯ ಹಾಫ್ ಟರ್ಮ್ ರಜೆಯಲ್ಲಿ ಇರುವುದಿಲ್ಲ. ಸದಸ್ಯತ್ವದ ಹಣ ಬಾಕಿ ಇರುವವರಿಗೆ ಖಜಾಂಚಿಗಳು ಫೋನ್ ಮಾಡುವ ಮೊದಲೇ ಕಟ್ಟಿಬಿಟ್ಟರೆ ಇಬ್ಬರಿಗೂ ಮರ್ಯಾದೆ.

ಲೇಖನ ಕಳಿಸುವವರು ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಹಳೇ ನುಡಿ ಫಾಂಟಿನಲ್ಲಿ ಬಂದರೆ ನನ್ನ ಲ್ಯಾಪ್‌ಟಾಪಿನಲ್ಲಿ ಬರೀ ಚುಕ್ಕಿ, ಗೆರೆ. ಕೈಯಲ್ಲಿ ಬರೆದು ಫೋಟೋ ಕಳಿಸಿದರೂ ಪರವಾಗಿಲ್ಲ, ಟೈಪ್ ಮಾಡುತ್ತೇನೆ. ಪುಟ ಜೋಡಿಸಲು ಮಾತ್ರ ಯಾರಾದರೂ ಬನ್ನಿ. ತಿಂಗಳಿಗೆ ಒಂದು ಸಂಜೆ ಸಾಕು, ಕಾಫಿ ನಾನು ಮಾಡುತ್ತೇನೆ. ರಾತ್ರಿ ಒಂದು ಗಂಟೆಗೆ ಒಬ್ಬಳೇ ಕೂತು ಜಾಹೀರಾತನ್ನು ಮೇಲೆ ಕೆಳಗೆ ಸರಿಸುವುದು ಇನ್ನು ನನ್ನಿಂದ ಆಗುವುದಿಲ್ಲ. ಜನವರಿ ಸಂಚಿಕೆಗೆ ಇನ್ನೊಬ್ಬರು ಸಿಗದಿದ್ದರೆ ಜನವರಿ ಸಂಚಿಕೆ ಬರುವುದಿಲ್ಲ. ಮಾತಾಡೋಣ ಅನ್ನುವವರು ದೀಪಾವಳಿ ಊಟದ ದಿನ ಅಡುಗೆಮನೆ ಬಾಗಿಲ ಹತ್ತಿರ ನನ್ನನ್ನು ಹುಡುಕಿ.